ಬದಲಾದ ಬೀಗಕ್ಕೆ ಹೊಸ ಕೀಲಿ

‘ಹಾಲು’ ಎಂಬಲ್ಲಿ ಲಕಾರ ಹೋಗಿ ಳಕಾರ ಬಂದರೆ ‘ಹಾಳು’ ಆಗುತ್ತದೆ. ಇದು ನಮ್ಮ ಕನ್ನಡ ಶಾಲೆಯ ಎಳೆಯ ಮಗುವೂ ಬಲ್ಲ ಸಂಗತಿ. ಒಂದಕ್ಷರದ ಇಂಥದೇ ಪಲ್ಲಟವು ಜೀವಕೋಶದೊಳಗೆ ನಡೆದರೆ ರಕ್ತದ ಕ್ಯಾನ್ಸರಿಗೆ ಕೊಡುವ ಶ್ರೇಷ್ಠ ಔಷಧವೂ ಸೋಲಬಹುದು.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರು. ಅಸ್ಥಿಮಜ್ಜೆಯ ಒಂದು ಕೋಶದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದೇ ಇದರ ಮೂಲವೆಂದು 1973ರಲ್ಲಿ ಅಮೆರಿಕದ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು, ಬಿಳಿಯ ರಕ್ತಕಣಗಳು ಎಡೆಬಿಡದೆ ಹೆಚ್ಚುವಂತೆ ಪ್ರಚೋದಿಸುತ್ತದೆ. ಈ ಪ್ರೋಟೀನಿನ ಸಂದಿಯಲ್ಲಿ ಬೀಗಕ್ಕೆ ಕೀಲಿಯಂತೆ ಕೂತು ಅದರ ಕೆಲಸವನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಆದರೆ ಕೆಲವರಲ್ಲಿ, ಅದರಲ್ಲೂ ರೋಗ ಬಲಿತವರಲ್ಲಿ, ಅದು ಮರುಕಳಿಸಿತು. ಕಾರಣವನ್ನರಸಿದ ಚಾರ್ಲ್ಸ್ ಸಾಯರ್ಸ್ ಅವರ ತಂಡವು ಅದೇ ವರ್ಷ ತಾನು ಪರೀಕ್ಷಿಸಿದ ಒಂಬತ್ತು ರೋಗಿಗಳ ಪೈಕಿ ಆರು ಮಂದಿಯಲ್ಲಿ ಒಂದೇ ಬದಲಾವಣೆಯನ್ನು ಕಂಡಿತು. ಪ್ರೋಟೀನಿನ 315ನೆಯ ಸ್ಥಾನದಲ್ಲಿ ಥ್ರಿಯೋನಿನ್ ಇರಬೇಕಾದಲ್ಲಿ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಕೂತಿತ್ತು. ವಂಶವಾಹಿಯಲ್ಲಿ ಬದಲಾದುದು ಒಂದೇ ಒಂದು ಅಕ್ಷರ. ಬೀಗ ಬದಲಾಗಿತ್ತು, ಹಳೆಯ ಕೀಲಿ ಒಳಹೋಗಲಿಲ್ಲ.

ಸೋಲಿನ ಕಾರಣ ತಿಳಿದುದೇ ಮುಂದಿನ ದಾರಿಯಾಯಿತು. 2006ರಲ್ಲಿ ಡಾಸಾಟಿನಿಬ್, 2007ರಲ್ಲಿ ನಿಲೋಟಿನಿಬ್ ಬಂದವು. ಅವು ಬಹುತೇಕ ಮಾರ್ಪಾಡುಗಳನ್ನು ಗೆದ್ದರೂ 315ರ ಮುಂದೆ ಸೋತವು. 2012ರಲ್ಲಿ ಬಂದ ಪೊನಾಟಿನಿಬ್, ಆ ಅಡ್ಡಿಯ ಪಕ್ಕದಲ್ಲೇ ನುಸುಳಬಲ್ಲ ತೆಳುವಾದ ಕೀಲಿ. 2021ರ ಆಸಿಮಿನಿಬ್ ಆ ಬಾಗಿಲಿನ ಗೊಡವೆಗೇ ಹೋಗದೆ ಪ್ರೋಟೀನಿನ ಬೇರೊಂದು ಕುಳಿಯನ್ನು ಹಿಡಿಯುತ್ತದೆ. ಇವುಗಳಿಗೂ ಅಡ್ಡಪರಿಣಾಮಗಳುಂಟು. ಪೊನಾಟಿನಿಬ್ ರಕ್ತನಾಳಗಳನ್ನು ಮುಚ್ಚಿಸಬಲ್ಲದು. ಆದ್ದರಿಂದ ಯಾರಿಗೆ ಯಾವುದೆಂಬುದು ತಜ್ಞವೈದ್ಯರ ನಿರ್ಣಯ.

ಮನೆಯವರು ನೆನಪಿಡಬೇಕಾದುದು ಎರಡು. ರಕ್ತದ ವರದಿಯಲ್ಲಿ ರೋಗದ ಅಂಶ ಮತ್ತೆ ಏರಿದರೆ ಅದೇ ಕಡೆಯ ಮಾತಲ್ಲ. ವಂಶವಾಹಿಯ ಮಾರ್ಪಾಡನ್ನು ಗುರುತಿಸುವ ಪರೀಕ್ಷೆಯಿದೆ, ಅದಕ್ಕೆ ತಕ್ಕ ಔಷಧವೂ ಇರಬಹುದು. ಎರಡನೆಯದಾಗಿ, ಮದ್ದು ಸೋಲುವುದಕ್ಕೆ ಬೀಗ ಬದಲಾದುದೊಂದೇ ಕಾರಣವಲ್ಲ. ಮೈ ಹಗುರಾಯಿತೆಂದು ಮಾತ್ರೆ ತಪ್ಪಿಸುವುದರಿಂದಲೂ ರೋಗ ತಲೆಯೆತ್ತುತ್ತದೆ. ಕೀಲಿ ಎಷ್ಟೇ ಒಳ್ಳೆಯದಿರಲಿ, ಅದನ್ನು ದಿನವೂ ತಿರುಗಿಸುವ ಕೈ ಮನೆಯಲ್ಲಿಯೇ ಇರಬೇಕು.