ಟ್ರಿಯೆಸ್ಟೆಯ ಬಾಗಿಲು ಕೆಂಭಾವಿಗೂ ತೆರೆದಿದೆ

ಯಾದಗಿರಿ ಜಿಲ್ಲೆಯ ಕೆಂಭಾವಿಯ ಮಕ್ಕಳು ಎಂ.ಎಸ್ಸಿ. ಓದಬೇಕೆಂದರೆ ಕಲಬುರಗಿಗೋ ರಾಯಚೂರಿಗೋ ಹೋಗುತ್ತಾರೆ. ಅಲ್ಲಿಂದ ಮುಂದೆ, ಗಣಿತ ಅಥವಾ ಭೌತಶಾಸ್ತ್ರವನ್ನು ಮನಸಾರೆ ಹಚ್ಚಿಕೊಂಡವರಿಗೂ ಬಿ.ಇಡಿ. ಇಲ್ಲವೇ ಸ್ಪರ್ಧಾತ್ಮಕ ಪರೀಕ್ಷೆ, ಇಷ್ಟೇ ದಾರಿ ಕಾಣುತ್ತದೆ. ವಿದೇಶದ ಓದೆಂದರೆ ಹೊಲ ಅಡವಿಡಬೇಕು ಎಂಬ ಭಯ ಮನೆಮನೆಯಲ್ಲಿದೆ. ಹೊಲದ ತಂಟೆಗೆ ಬಾರದ ಸಂಸ್ಥೆಯೊಂದು ಇಟಲಿಯ ಟ್ರಿಯೆಸ್ಟೆ ಊರಿನಲ್ಲಿದೆ: ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ, ಚಿಕ್ಕದಾಗಿ ಐಸಿಟಿಪಿ.

ಟ್ರಿಯೆಸ್ಟೆ ಭೂಮಧ್ಯ ಸಮುದ್ರದ ಉತ್ತರದ ತೋಳಾದ ಆಡ್ರಿಯಾಟಿಕ್ ಕಡಲ ದಂಡೆಯ ಹಳೆಯ ಬಂದರು. 1719ರಲ್ಲಿ ಆಸ್ಟ್ರಿಯಾವನ್ನಾಳುತ್ತಿದ್ದ ಚಕ್ರವರ್ತಿ ಇದನ್ನು ಸುಂಕಮುಕ್ತ ಬಂದರೆಂದು ಸಾರಿದ ಮೇಲೆ ಹಲವು ಭಾಷೆ, ಹಲವು ಮತಗಳ ವ್ಯಾಪಾರಿಗಳು ಬಂದು ನೆಲೆಸಿದರು. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ಇಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ ಬದುಕಿದ. ಚಳಿಗಾಲದಲ್ಲಿ ‘ಬೋರಾ’ ಎಂಬ ಗಾಳಿ ಆಳನ್ನೇ ತಳ್ಳುವಷ್ಟು ಜೋರಾಗಿ ಬೀಸುತ್ತದೆ. ಊರಂಚಿನ ಮಿರಮಾರೆ ಅರಮನೆಯ ಪಕ್ಕದಲ್ಲೇ ಕೇಂದ್ರದ ಕಟ್ಟಡಗಳಿವೆ.

ಈ ಕೇಂದ್ರವನ್ನು ಕಟ್ಟಿದವರು ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ. ಪಂಜಾಬಿನ ಝಂಗ್ ಎಂಬ ಸಣ್ಣ ಊರಿನಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಓದಿ, 1951ರಲ್ಲಿ ಲಾಹೋರಿಗೆ ಮರಳಿದರು. ಅಲ್ಲಿ ಸಂಶೋಧನೆಯ ವಾತಾವರಣವಿರಲಿಲ್ಲ, ಹೊಸ ವಿಷಯ ಚರ್ಚಿಸಲು ಜೊತೆಗಾರರಿರಲಿಲ್ಲ. ಪಾಠ ಹೇಳುತ್ತಿದ್ದ ಕಾಲೇಜು ಅವರಿಗೆ ಫುಟ್ಬಾಲ್ ತಂಡದ ಉಸ್ತುವಾರಿ ವಹಿಸಿತು. ಓದು ಬೇಕೋ ದೇಶ ಬೇಕೋ ಎಂಬ ಇಕ್ಕಟ್ಟಿನಲ್ಲಿ ಸಿಕ್ಕು 1954ರಲ್ಲಿ ದೇಶ ಬಿಟ್ಟರು. ತನಗೆ ಬಂದ ಸ್ಥಿತಿ ಬಡ ದೇಶದ ಇನ್ನೊಬ್ಬ ವಿಜ್ಞಾನಿಗೆ ಬರಬಾರದೆಂದು ಹಟ ಹಿಡಿದು 1964ರಲ್ಲಿ ಈ ಕೇಂದ್ರ ತೆರೆದರು. ವಿಜ್ಞಾನಿ ತನ್ನ ದೇಶದಲ್ಲೇ ಕೆಲಸ ಮಾಡುತ್ತ, ಆಗಾಗ ಕೆಲವು ತಿಂಗಳು ಇಲ್ಲಿಗೆ ಬಂದು, ಹೊಸದನ್ನು ಕಲಿತು ಊರಿಗೆ ಮರಳುವ ವ್ಯವಸ್ಥೆ ಮಾಡಿದರು. 1979ರಲ್ಲಿ ನೊಬೆಲ್ ಬಂತು. ಆದರೆ ನನ್ನ ಕಣ್ಣಿಗೆ ಅವರ ದೊಡ್ಡ ಕೆಲಸ ಈ ಕೇಂದ್ರವೇ. ಊರು ಬಿಡುವ ಸಂಕಟ ಉಂಡವರಿಗಷ್ಟೇ ಇಂಥ ಏರ್ಪಾಡು ಹೊಳೆದೀತು.

ನಮ್ಮ ಮಕ್ಕಳು ಗಮನಿಸಬೇಕಾದದ್ದು ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ. ಅಭಿವೃದ್ಧಿಶೀಲ ದೇಶಗಳವರಿಗಾಗಿಯೇ ಇರುವ ಈ ಕೋರ್ಸಿಗೆ ಫೀ ಇಲ್ಲ. ಆಯ್ಕೆಯಾದವರ ಪ್ರಯಾಣ, ವಸತಿ, ಊಟದ ಖರ್ಚಿಗೆ ವಿದ್ಯಾರ್ಥಿವೇತನವಿದೆ. ಗಣಿತ, ಕಣ ಭೌತಶಾಸ್ತ್ರ, ಘನವಸ್ತುಗಳ ಭೌತಶಾಸ್ತ್ರದ ಜೊತೆ ಹವಾಮಾನ, ಭೂಕಂಪಗಳ ಅಧ್ಯಯನವೂ ಉಂಟು. ಮಳೆ ನೆಚ್ಚಿ ತೊಗರಿ ಬಿತ್ತುವ ಸೀಮೆಯ ಮಕ್ಕಳಿಗೆ ಹವಾಮಾನದ ಗಣಿತ ದೂರದ ವಿಷಯವೇನಲ್ಲ. ಸೀಟು ಕಡಿಮೆ, ಪೈಪೋಟಿ ಹೆಚ್ಚು ಎಂಬುದೂ ನಿಜ.

ಟ್ರಿಯೆಸ್ಟೆ ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. ಅಲ್ಲೇ ಕಚೇರಿ ಇರುವ ವಿಶ್ವ ವಿಜ್ಞಾನ ಅಕಾಡೆಮಿಗೆ ನಮ್ಮ ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದರು. 2019ರಲ್ಲಿ ಐಸಿಟಿಪಿಯ ನಿರ್ದೇಶಕರಾದ ಅತೀಶ್ ದಾಭೋಲ್ಕರ್ ಹುಟ್ಟಿದ್ದು ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಗಾರಗೋಟಿಯಲ್ಲಿ. ಕಲಿಯುವವರ ಖರ್ಚನ್ನು ಸಂಸ್ಥೆಯೇ ಹೊರುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಚಿತ್ತಾಪುರ ಬಳಿಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಸಲಹುತ್ತಿದ್ದ 200 ವೇದ ವಿದ್ಯಾರ್ಥಿಗಳನ್ನೂ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ.

ಡಿಪ್ಲೊಮಾಕ್ಕೆ ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ಅಂಕಪಟ್ಟಿಯ ಜೊತೆ ಪಾಠ ಹೇಳಿದ ಪ್ರಾಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಎಂ.ಎಸ್ಸಿ. ಮೊದಲ ವರ್ಷದಲ್ಲೇ ತಯಾರಿ ಶುರುವಾಗಬೇಕು, ಸುರಪುರ, ಶಹಾಪುರದ ಪದವಿ ಕಾಲೇಜುಗಳ ಮೇಷ್ಟ್ರುಗಳು ಅದಕ್ಕೂ ಮೊದಲೇ ಈ ಹೆಸರನ್ನು ಮಕ್ಕಳ ಕಿವಿಗೆ ಹಾಕಬೇಕು.