ಬಿಸಿಲಿನಿಂದ ಜೀವ ಉಳಿಸುವ ಕೆಲಸ: ಅಹಮದಾಬಾದ್ ತೋರಿಸಿದ ದಾರಿ

ಬಿಸಿಗಾಳಿ ನಿರ್ವಹಣಾ ಯೋಜನೆ ಎಂದರೆ ಬೇಸಿಗೆಯ ವಿಪರೀತ ಶಾಖದಿಂದ ಜನರ ಜೀವ ಉಳಿಸಲು ಸ್ಥಳೀಯ ಆಡಳಿತ ಮೊದಲೇ ಮಾಡಿಕೊಳ್ಳುವ ಸಿದ್ಧತೆ. ತಾಪಮಾನ ಎಷ್ಟಾದಾಗ ಎಚ್ಚರಿಕೆ ಕೊಡಬೇಕು, ಯಾರು ಕೊಡಬೇಕು, ಕೊಟ್ಟ ಮೇಲೆ ಯಾವ ಇಲಾಖೆ ಏನು ಮಾಡಬೇಕು ಎಂಬುದನ್ನೆಲ್ಲ ಅದು ನಿಗದಿ ಮಾಡುತ್ತದೆ. ಭಾರತದಲ್ಲಿ ಇಂಥ ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಗುಜರಾತಿನ ಅಹಮದಾಬಾದ್ ಮಹಾನಗರ ಪಾಲಿಕೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ ದಕ್ಷಿಣ ಏಷ್ಯಾಕ್ಕೇ ಮೊದಲನೆಯದು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಸರ್ಕಾರಿ ಕಾರ್ಯಕ್ರಮ ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದೆರಡೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಲೆಕ್ಕಕ್ಕೆ ಸಿಗದ ಸಾವುಗಳು

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ದಿನಗಳಲ್ಲಿ ಬಿಸಿಲಿನಿಂದಲೇ ಸತ್ತರೆಂದು ದಾಖಲಾದವರು ಕಡಿಮೆ. ಆಮೇಲೆ ಸಂಶೋಧಕರು ಪಾಲಿಕೆಯ ಜನನ ಮರಣ ನೋಂದಣಿ ಪುಸ್ತಕಗಳನ್ನು ತೆಗೆದು, ಎಲ್ಲ ಕಾರಣಗಳ ಸಾವುಗಳನ್ನೂ ದಿನದಿನಕ್ಕೆ ಎಣಿಸಿದರು. 2009 ಮತ್ತು 2011ರ ಮೇ ತಿಂಗಳ ಸರಾಸರಿ 3,118 ಸಾವು; 2010ರ ಮೇ ತಿಂಗಳೊಂದರಲ್ಲೇ 4,462. ಅಂದರೆ 1,344 ಮಂದಿ ಹೆಚ್ಚುವರಿಯಾಗಿ ತೀರಿಕೊಂಡಿದ್ದರು. ದಿನಕ್ಕೆ ನೂರರಷ್ಟು ಸಾವು ಸಂಭವಿಸುವ ಊರಿನಲ್ಲಿ ಮೇ 21ರಂದು 310 ಸಾವುಗಳಾಗಿದ್ದವು.

ಇಷ್ಟು ಸಾವುಗಳು ಕಣ್ಣಿಗೆ ಬೀಳದೆ ಹೋದದ್ದಕ್ಕೆ ಕಾರಣ ಶಾಖ ಕೊಲ್ಲುವ ರೀತಿಯಲ್ಲೇ ಇದೆ. ಮನುಷ್ಯನ ದೇಹ ತನ್ನ ಒಳಗಿನ ಉಷ್ಣತೆಯನ್ನು ಸುಮಾರು 37 ಡಿಗ್ರಿಯಲ್ಲೇ ಕಾಯ್ದುಕೊಳ್ಳಬೇಕು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹ ತಣ್ಣಗಾಗಲು ಬೆವರು ಆರುವುದೊಂದೇ ದಾರಿ. ಬೆವರಲು ನೀರು ಬೇಕು, ಚರ್ಮದತ್ತ ರಕ್ತ ಹರಿಸಲು ಹೃದಯ ಹೆಚ್ಚು ದುಡಿಯಬೇಕು. ಹೃದ್ರೋಗಿಗಳು, ಮೂತ್ರಪಿಂಡದ ತೊಂದರೆ ಇರುವವರು, ವಯಸ್ಸಾದವರು ಈ ಹೊರೆ ತಾಳದೆ ಕುಸಿಯುತ್ತಾರೆ. ಮರಣಪತ್ರದಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡ ವೈಫಲ್ಯವೆಂದೋ ದಾಖಲಾಗುತ್ತದೆ. ಬಿಸಿಲಲ್ಲಿ ದುಡಿಯುವ ಗಟ್ಟಿಮುಟ್ಟಾದವರಿಗೂ ದೇಹದ ಉಷ್ಣತೆ 40 ಡಿಗ್ರಿ ದಾಟಿ ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ, ತಡಮಾಡಿದರೆ ಜೀವಕ್ಕೇ ಕುತ್ತು. ರಾತ್ರಿಯೂ ಸೆಕೆ ಇಳಿಯದಿದ್ದರೆ ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದು. ತಗಡಿನ ಸೂರಿನ ಕೆಳಗೆ ಮಲಗುವವರ ಪಾಡು ಇದೇ.

ಮೂರು ಬಣ್ಣಗಳ ಎಚ್ಚರಿಕೆ

ಈ ಲೆಕ್ಕ ಕಂಡ ಮೇಲೆ ಪಾಲಿಕೆಯು ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಜೊತೆ ಸೇರಿ ಯೋಜನೆ ರೂಪಿಸಿತು. ಮೊದಲು ಬಗೆಹರಿಯಬೇಕಾಗಿದ್ದದ್ದು ಎಚ್ಚರಿಕೆಯ ಮಿತಿ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿಯಾದರೂ ಇದ್ದು, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ. 45 ಡಿಗ್ರಿ ಮುಟ್ಟಿದರೆ ವಾಡಿಕೆ ಎಷ್ಟೇ ಇದ್ದರೂ ಬಿಸಿಗಾಳಿಯೇ. ಅಹಮದಾಬಾದ್ ಇದರ ಜೊತೆಗೆ, ತನ್ನ ಊರಿನಲ್ಲಿ ಎಷ್ಟು ಶಾಖಕ್ಕೆ ಸಾವುಗಳು ಏರುತ್ತವೆ ಎಂಬ ಲೆಕ್ಕದಿಂದ ತನ್ನದೇ ಮಿತಿಗಳನ್ನು ಗೊತ್ತುಮಾಡಿಕೊಂಡಿತು. 41.1ರಿಂದ 43 ಡಿಗ್ರಿವರೆಗೆ ಹಳದಿ, 43.1ರಿಂದ 44.9ರವರೆಗೆ ಕಿತ್ತಳೆ, 45 ಮತ್ತು ಅದಕ್ಕೂ ಮೇಲೆ ಕೆಂಪು.

ಎಚ್ಚರಿಕೆ ಹೊರಡಿಸುವುದು ಸುಲಭ, ಅದರಂತೆ ಕೆಲಸ ನಡೆಯುವಂತೆ ಮಾಡುವುದು ಕಷ್ಟ. ಅದಕ್ಕಾಗಿ ಪಾಲಿಕೆಯಲ್ಲಿ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಲಾಯಿತು. ಮುಂದಿನ ದಿನಗಳ ಮುನ್ಸೂಚನೆ ಮೊದಲು ತಲುಪುವುದು ಆ ಅಧಿಕಾರಿಗೆ. ಅಲ್ಲಿಂದ ಸಂದೇಶ ಆಸ್ಪತ್ರೆಗಳಿಗೆ, 108 ಆಂಬುಲೆನ್ಸ್ ಸೇವೆಗೆ, ವಾರ್ಡ್ ಕಚೇರಿಗಳಿಗೆ, ನೀರು ಸರಬರಾಜು ವಿಭಾಗಕ್ಕೆ, ಪತ್ರಿಕೆಗಳಿಗೆ ಹೋಗುತ್ತದೆ. ಸಂದೇಶ ತಲುಪಿದ ಪ್ರತಿ ವಿಭಾಗಕ್ಕೂ ತಾನೇನು ಮಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಆಂಬುಲೆನ್ಸಿನಲ್ಲಿ ಐಸ್ ಪ್ಯಾಕ್, ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್, ಜನನಿಬಿಡ ಜಾಗಗಳಲ್ಲಿ ಅರವಟ್ಟಿಗೆ, ಮಧ್ಯಾಹ್ನವೂ ತೆರೆದಿರುವ ಉದ್ಯಾನವನ, ಕೊಳೆಗೇರಿಗಳಲ್ಲಿ ಮನೆಮನೆಗೆ ತಿಳಿವಳಿಕೆ. ಇವ್ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿರಲಿಲ್ಲ. ಪಾಲಿಕೆಯ ಕೈಯಲ್ಲಿ ಇದ್ದದ್ದೇ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಸಿಗುವಂತಾಯಿತು.

ಆಸ್ಪತ್ರೆಯಲ್ಲಿ ಆದ ಬದಲಾವಣೆ

ವೈದ್ಯರಿಗೂ ದಾದಿಯರಿಗೂ ಶಾಖಾಘಾತದ ಲಕ್ಷಣ ಗುರುತಿಸುವ, ರೋಗಿಯ ದೇಹವನ್ನು ತಕ್ಷಣ ತಣಿಸುವ ತರಬೇತಿ ಕೊಡಲಾಯಿತು. ಪಾಲಿಕೆಯ ಆಸ್ಪತ್ರೆಯೊಂದರ ನಿದರ್ಶನ ಗಮನಿಸುವಂಥದ್ದು. ಅಲ್ಲಿ ಹೆರಿಗೆ ವಾರ್ಡ್ ಕಟ್ಟಡದ ಮೇಲಂತಸ್ತಿನಲ್ಲಿ, ಕಾದ ತಾರಸಿಯ ಕೆಳಗೇ ಇತ್ತು. 2010ರಲ್ಲಿ ಸೋಂಕಿನ ಸುಳಿವೇ ಇಲ್ಲದೆ ಜ್ವರದಿಂದ ಮೈ ಸುಡುತ್ತಿದ್ದ ನವಜಾತ ಶಿಶುಗಳು ತೀವ್ರ ನಿಗಾ ಘಟಕಕ್ಕೆ ದಾಖಲಾದವು. ಹೊರಗಿನ ತಾಪಮಾನ 42 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿ ಏರಿಕೆಗೆ ಶಾಖದ ಕಾರಣದಿಂದ ದಾಖಲಾಗುವ ಶಿಶುಗಳ ಸಂಖ್ಯೆ ಶೇ 43ರಷ್ಟು ಹೆಚ್ಚುತ್ತಿದ್ದುದು ಅಧ್ಯಯನದಲ್ಲಿ ಕಂಡುಬಂತು. ವಾರ್ಡನ್ನು ಕೆಳಗಿನ ಅಂತಸ್ತಿಗೆ ಸ್ಥಳಾಂತರಿಸಿದ ಮೇಲೆ ಇಂಥ ಪ್ರಕರಣಗಳು ಗಣನೀಯವಾಗಿ ಇಳಿದವು. ತಾಯಿ ಮಕ್ಕಳ ಹಾಸಿಗೆಗಳು ಎಲ್ಲಿರಬೇಕೆಂಬ ಒಂದು ಆಡಳಿತಾತ್ಮಕ ತೀರ್ಮಾನ ಹಸುಗೂಸುಗಳನ್ನು ಕಾಪಾಡಿತು.

ಮನೆಯೊಳಗಿನ ಶಾಖ ತಗ್ಗಿಸಲು 2017ರಲ್ಲಿ ತಂಪು ಸೂರಿನ ಕಾರ್ಯಕ್ರಮ ಸೇರಿಕೊಂಡಿತು. ಬಡವರ ಮನೆಗಳ ತಾರಸಿಗೆ, ತಗಡಿಗೆ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿದರೆ ಒಳಗಿನ ಶಾಖ ಕೆಲವು ಡಿಗ್ರಿ ಇಳಿಯುತ್ತದೆ. ಇದನ್ನೇ ಮುಂದುವರಿಸಿ ತೆಲಂಗಾಣ ಸರ್ಕಾರ 2023ರಲ್ಲಿ ರಾಜ್ಯಕ್ಕೆಲ್ಲ ಅನ್ವಯಿಸುವ ತಂಪು ಸೂರಿನ ನೀತಿಯನ್ನು ಪ್ರಕಟಿಸಿತು.

ವರ್ಷವಿಡೀ ನಡೆಯುವ ಕೆಲಸ

ಬಿಸಿಲು ಏರಿದ ಮೇಲೆ ಸಭೆ ಕರೆಯುವುದರಿಂದ ಪ್ರಯೋಜನವಿಲ್ಲ. ಅಹಮದಾಬಾದಿನ ಯೋಜನೆ ವರ್ಷವನ್ನು ಮೂರು ಘಟ್ಟಗಳಾಗಿ ವಿಂಗಡಿಸುತ್ತದೆ. ಬೇಸಿಗೆಗೆ ಮುಂಚೆ ತರಬೇತಿ, ಔಷಧ ದಾಸ್ತಾನು ಮತ್ತು ಪ್ರಚಾರ. ಬೇಸಿಗೆಯಲ್ಲಿ ಎಚ್ಚರಿಕೆ ಮತ್ತು ನಿಗಾ. ಮಳೆಗಾಲ ಶುರುವಾದ ಮೇಲೆ ಪರಾಮರ್ಶೆ. ಎಷ್ಟು ಜನ ಸತ್ತರು, ಯಾವ ಸಂದೇಶ ತಲುಪಲಿಲ್ಲ, ಯಾವ ಬಡಾವಣೆ ಬಿಟ್ಟುಹೋಯಿತು ಎಂದು ನೋಡಿ ಮುಂದಿನ ವರ್ಷದ ಯೋಜನೆಯನ್ನು ತಿದ್ದಲಾಗುತ್ತದೆ. ಈ ಮೂರನೆಯ ಘಟ್ಟವೇ ಕಾರ್ಯಕ್ರಮದ ಜೀವಾಳ. ಪರಾಮರ್ಶೆಯಿಲ್ಲದ ಯೋಜನೆ ಕಡತವಾಗಿ ಉಳಿಯುತ್ತದೆ.

ಫಲ ಸಿಕ್ಕಿತೇ ಎಂಬುದನ್ನೂ ಅಳೆಯಲಾಯಿತು. ಯೋಜನೆಗೆ ಮುಂಚಿನ 2007ರಿಂದ 2010ರ ಅವಧಿಯನ್ನು ನಂತರದ 2014 ಮತ್ತು 2015ರೊಂದಿಗೆ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದೆಂದು ಅದು ಅಂದಾಜು ಮಾಡಿತು. 2015ರ ಬೇಸಿಗೆ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು, ಅದರಲ್ಲೂ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ, ಬಲಿ ತೆಗೆದುಕೊಂಡ ಬೇಸಿಗೆಯಾಗಿತ್ತು. 2016ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 48 ಡಿಗ್ರಿಗೆ ಏರಿ ಹಳೆಯ ದಾಖಲೆಗಳನ್ನೆಲ್ಲ ಮುರಿಯಿತು. ಯೋಜನೆ ಮಾಡಿಕೊಂಡ ಮಾತ್ರಕ್ಕೆ ಬಿಸಿಲು ಕಡಿಮೆಯಾಗುವುದಿಲ್ಲ, ಸಾವುಗಳನ್ನು ಮಾತ್ರ ಕಡಿಮೆ ಮಾಡಬಹುದು.

ದೇಶಕ್ಕೆ ಹರಡಿದಾಗ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಬಿಸಿಗಾಳಿ ಮಾರ್ಗಸೂಚಿ ಹೊರಡಿಸಿ, 2019ರಲ್ಲಿ ಪರಿಷ್ಕರಿಸಿತು. ರಾಜ್ಯಗಳು, ಜಿಲ್ಲೆಗಳು, ನಗರಗಳು ತಮ್ಮ ತಮ್ಮ ಯೋಜನೆಗಳನ್ನು ಮಾಡಿಕೊಂಡವು. ಆದರೆ ದಾಖಲೆ ಹರಡಿದಷ್ಟು ಬೇಗ ಕೆಲಸ ಹರಡಲಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ 18 ರಾಜ್ಯಗಳ 37 ಯೋಜನೆಗಳನ್ನು ಪರಿಶೀಲಿಸಿತು. ಹಣ ಎಲ್ಲಿಂದ ಬರುತ್ತದೆಂದು ಗುರುತಿಸಿದ್ದವು ಮೂರೇ. ಯಾವ ಬಡಾವಣೆಯ, ಯಾವ ಕಸುಬಿನ ಜನರಿಗೆ ಹೆಚ್ಚು ಅಪಾಯ ಎಂದು ವ್ಯವಸ್ಥಿತವಾಗಿ ಗುರುತಿಸಿದ್ದವು ಎರಡೇ.

ಹಣದ ತೊಡಕು ಕಾನೂನಿನಲ್ಲೂ ಇತ್ತು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ವಿಪತ್ತು ಪರಿಹಾರ ನಿಧಿಗೆ ಅರ್ಹವಾದ 12 ವಿಕೋಪಗಳ ರಾಷ್ಟ್ರೀಯ ಪಟ್ಟಿಯಲ್ಲಿ ಶೀತಗಾಳಿಗೆ ಜಾಗವಿತ್ತು, ಬಿಸಿಗಾಳಿಗೆ ಇರಲಿಲ್ಲ. ರಾಜ್ಯಗಳು ಅದನ್ನು ತಮ್ಮ ಮಟ್ಟದ ವಿಪತ್ತೆಂದು ಘೋಷಿಸಿದರೆ ನಿಧಿಯ ಶೇ 10ರವರೆಗೆ ಬಳಸಬಹುದಿತ್ತು. ಇನ್ನೊಂದು ತೊಡಕು ದುಡಿಮೆಯದು. ಮನೆಯಿಂದ ಹೊರಬರಬೇಡಿ ಎಂಬ ಸಲಹೆ ದಿನಗೂಲಿಯವರಿಗೆ, ಬೀದಿ ವ್ಯಾಪಾರಿಗಳಿಗೆ, ಗಾರೆ ಕೆಲಸದವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಬೇಕಾದದ್ದು ಕೆಲಸದ ವೇಳೆಯ ಬದಲಾವಣೆ, ಕೆಲಸದ ಜಾಗದಲ್ಲೇ ನೀರು ಮತ್ತು ನೆರಳು, ಕೆಲಸ ನಿಂತ ದಿನದ ಕೂಲಿ.

ಕರ್ನಾಟಕದಲ್ಲಿ

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿಯಿದೆ. ಬಿಸಿಲಿಗೆ ತಕ್ಕಂತೆ ಕೆಲಸದ ವೇಳೆ ಬದಲಿಸಲು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಮಾಹಿತಿಯ ಬಲವೂ ರಾಜ್ಯಕ್ಕಿದೆ. 1988ರಲ್ಲಿ ಬರ ಪರಿಶೀಲನಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಬಳಿ ಮಟ್ಟದವರೆಗೂ ಹವಾಮಾನ ಕೇಂದ್ರಗಳ ಜಾಲವಿದೆ. ರಾಯಚೂರಿನ ಮಿತಿಯನ್ನು ರಾಯಚೂರಿನ ಲೆಕ್ಕದಿಂದಲೇ, ಕರಾವಳಿಯ ಮಿತಿಯನ್ನು ಅಲ್ಲಿನ ತೇವದ ಸೆಕೆಯನ್ನೂ ಸೇರಿಸಿ ಗೊತ್ತುಮಾಡಲು ಇಂಥ ಜಾಲ ನೆರವಾಗುತ್ತದೆ. ಅದಕ್ಕೆ ತಾಲ್ಲೂಕುಗಳ ಮರಣ ನೋಂದಣಿ ಲೆಕ್ಕ ಜೊತೆಗೂಡಬೇಕು.

ಕಚೇರಿಗೆ ಸಿಗುವ ವೇಳೆಯ ರಿಯಾಯಿತಿ ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ, ಕಟ್ಟಡದ ಮೇಲೆ ದುಡಿಯುವವರಿಗೂ ಸಿಗಬೇಕು. ಸ್ಥಳೀಯ ಮಿತಿ, ಹೊಣೆ ಹೊತ್ತ ಒಬ್ಬ ಅಧಿಕಾರಿ, ಮೀಸಲಿಟ್ಟ ಹಣ, ಬೇಸಿಗೆ ಮುಗಿದ ಮೇಲೆ ಪ್ರಾಮಾಣಿಕ ಲೆಕ್ಕ: ಈ ನಾಲ್ಕು ಇದ್ದಲ್ಲಿ ಬಿಸಿಗಾಳಿಯ ಸಾವುಗಳನ್ನು ತಡೆಯಬಹುದು. ಸಾವಿನ ಲೆಕ್ಕ ಹಾಕಲು ಒಪ್ಪಿದ ನಗರವೇ ಅದನ್ನು ಮೊದಲು ತಗ್ಗಿಸಿತು.