ನೆಲ ಬಿಡದ ಚಕ್ರದ ವಿದ್ಯೆ

ಮಂಗಳೂರಿನ ಪದವುಗಳಲ್ಲಿ ಡಾಂಬರು ಕಾಣದ ಮುರಕಲ್ಲಿನ ದಾರಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂಥ ದಾರಿಯಲ್ಲಿ ಸ್ವಲ್ಪ ಜೋರಾಗಿ ಬೈಕು ಬಿಟ್ಟವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಎಂಜಿನ್‌ನಲ್ಲಿ ಕಸುವು ಇನ್ನೂ ಬಾಕಿ ಇರುತ್ತದೆ, ಹ್ಯಾಂಡಲ್ ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಬ್ರೇಕೂ ಹಿಡಿಯದು, ಗಾಡಿ ತಿರುಗುವುದೂ ಇಲ್ಲ. ರೇಸಿಗೆ ಇಳಿಯುವ ಸ್ಪೋರ್ಟ್ ಎಟಿವಿಯ ಸಸ್ಪೆನ್ಷನ್ ಪಳಗಿಸುವ ವಿದ್ಯೆ ಶುರುವಾಗುವುದು ಇಲ್ಲಿಂದಲೇ. ಚಕ್ರ ಆದಷ್ಟು ಹೊತ್ತು ನೆಲ ಬಿಡದಂತೆ ನೋಡಿಕೊಳ್ಳುವುದು ಅದರ ಗುರಿ.

ಬೈಕಿನ ಹ್ಯಾಂಡಲ್, ಬೈಕಿನ ಸೀಟು, ನಾಲ್ಕು ದಪ್ಪ ಟೈರು ಸೇರಿದರೆ ಸ್ಪೋರ್ಟ್ ಎಟಿವಿ. ಇದರ ಪೂರ್ವಜನಾಗಿ ಹೋಂಡಾ ಕಂಪನಿ 1970ರಲ್ಲಿ ಮಾರುಕಟ್ಟೆಗೆ ಬಿಟ್ಟ ಮೂರು ಚಕ್ರದ ಗಾಡಿಗೆ ಸಸ್ಪೆನ್ಷನ್ನೇ ಇರಲಿಲ್ಲ. ಕಡಿಮೆ ಗಾಳಿ ತುಂಬಿದ ದೊಡ್ಡ ಟೈರುಗಳೇ ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದವು. ಎಂಬತ್ತರ ದಶಕದಲ್ಲಿ ನಾಲ್ಕು ಚಕ್ರದವು ಬಂದವು, ರೇಸಿಗೆಂದೇ ಹಗುರ ಮಾದರಿಗಳೂ ಬಂದವು. ಇಂದಿನ ಯಮಾಹಾ ವೈಎಫ್‌ಝಡ್450ಆರ್‌ನಂಥ ಗಾಡಿಯಲ್ಲಿ ಮುಂದಿನ ಚಕ್ರ ಸುಮಾರು 25 ಸೆಂ.ಮೀ., ಹಿಂದಿನದು ಸುಮಾರು 28 ಸೆಂ.ಮೀ. ಮೇಲೆ ಕೆಳಗೆ ಆಡುತ್ತದೆ. ಕಚ್ಚಾ ದಾರಿಯ ದೀರ್ಘ ಓಟವಾದ ದಾಕರ್ ರ‍್ಯಾಲಿಯಲ್ಲಿ 2009ರಿಂದ 2024ರವರೆಗೆ ಇಂಥ ಗಾಡಿಗಳಿಗೆ ಪ್ರತ್ಯೇಕ ವಿಭಾಗವೇ ಇತ್ತು.

ಸ್ಪೋರ್ಟ್ ಎಟಿವಿ ನಮ್ಮ ರಸ್ತೆಗೆ ನೋಂದಣಿಯಾಗುವ ಗಾಡಿಯಲ್ಲ. ಹಾಗಾಗಿ ಊರಿನಲ್ಲಿ ಅದು ಕಾಣುವುದೇ ಅಪರೂಪ. ಆದರೂ ಕರಾವಳಿಗೆ ಮಣ್ಣಿನ ರೇಸು ಹೊಸದಲ್ಲ. ಉಡುಪಿಯ ಕೆ.ಪಿ. ಅರವಿಂದ್ 2019ರ ದಾಕರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರ್ತಿಗೊಳಿಸಿ ಬಂದವರು. ಕಾಸರಗೋಡಿನ ಮೂಸಾ ಷರೀಫ್ ದಶಕಗಳಿಂದ ರ‍್ಯಾಲಿ ಕಾರುಗಳಲ್ಲಿ ಸಹಚಾಲಕರಾಗಿ ಕೂತು ದಾರಿ ಓದುತ್ತ ಬಂದವರು.

ಇನ್ನು ಎಟಿವಿಯ ವಿದ್ಯೆ ನಮ್ಮಲ್ಲಿ ಹೆಚ್ಚಾಗಿ ಬೆಳೆದಿರುವುದು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ‘ಬಾಹಾ’ ಎಂಬ ವಿದ್ಯಾರ್ಥಿ ಸ್ಪರ್ಧೆಯನ್ನು ಎಸ್‌ಎಇ ಇಂಡಿಯಾ ಸಂಸ್ಥೆ 2007ರಲ್ಲಿ ಇಲ್ಲಿಗೆ ತಂದಿತು. ಸ್ಪರ್ಧೆ ನಡೆಯುತ್ತ ಬಂದ ಮಧ್ಯಪ್ರದೇಶದ ಪೀತಂಪುರದ ಹೆಸರು ಅದರೊಂದಿಗೆ ಬೆರೆತುಹೋಗಿದೆ. ವಿದ್ಯಾರ್ಥಿಗಳು ಒಬ್ಬರೇ ಕೂರುವ ಎಟಿವಿಯನ್ನು ತಾವೇ ವಿನ್ಯಾಸ ಮಾಡಿ, ಪೈಪು ಬೆಸೆದು, ಓಡಿಸಬೇಕು. ಕೊನೆಗೆ ನಾಲ್ಕು ಗಂಟೆಗಳ ಸಹನಶಕ್ತಿಯ ಓಟ. ಸಸ್ಪೆನ್ಷನ್‌ಗೆ ಅದರಲ್ಲಿ ಪ್ರತ್ಯೇಕ ಪರೀಕ್ಷೆಯೇ ಇದೆ. ಮಣಿಪಾಲದ ಎಂಐಟಿಯ ‘ಟೀಮ್ ಮಣಿಪಾಲ್ ರೇಸಿಂಗ್’ ಈ ದಾರಿ ಹಿಡಿದ ತಂಡ. ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ವಿದ್ಯಾರ್ಥಿಗಳೇ ನಡೆಸುವ ರೇಸಿಂಗ್ ತಂಡವಿದೆ.

ಈ ತಂಡಗಳು ಪಳಗಿಸುವ ಸಸ್ಪೆನ್ಷನ್‌ನಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಸ್ಪ್ರಿಂಗ್ ಭಾರ ಹೊರುತ್ತದೆ, ಏಟು ಬಿದ್ದಾಗ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮರಳಿ ಕೊಡುತ್ತದೆ. ಹಾಗೆ ಮರಳಿ ಬಂದ ಶಕ್ತಿಯನ್ನು ತಡೆದು ಶಾಖವಾಗಿಸುವುದು ಶಾಕ್‌ಅಬ್ಸಾರ್ಬರಿನ ಕೆಲಸ. ಅದರೊಳಗೆ ಎಣ್ಣೆಯಲ್ಲಿ ಒಂದು ಪಿಸ್ಟನ್ ಆಡುತ್ತದೆ. ಪಿಸ್ಟನ್ನಿನ ತೂತುಗಳ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳ ಅಡುಕು ಕೂತಿರುತ್ತದೆ. ಎಣ್ಣೆ ಆ ಬಿಲ್ಲೆಗಳನ್ನು ಬಗ್ಗಿಸಿಕೊಂಡು ದಾಟಬೇಕು. ಒಂದು ಬಿಲ್ಲೆ ತೆಗೆದರೆ ಅಥವಾ ಸೇರಿಸಿದರೆ ಗಾಡಿಯ ಗುಣವೇ ಬದಲಾಗುತ್ತದೆ. ಉದ್ದದ ಓಟದಲ್ಲಿ ಎಣ್ಣೆ ಕಾದು, ಕುಲುಕಿದ ಗೋಲಿಸೋಡಾದಂತೆ ನೊರೆಯೆದ್ದರೆ ತಡೆಯುವ ಶಕ್ತಿ ಕುಸಿಯುತ್ತದೆ. ರೇಸಿನ ಶಾಕ್‌ಗಳಿಗೆ ಪಕ್ಕದಲ್ಲೊಂದು ಸಣ್ಣ ಸಿಲಿಂಡರ್ ಜೋಡಿಸಿ, ಒಳಗೆ ನೈಟ್ರೋಜನ್ ಒತ್ತಡ ತುಂಬುವುದು ಈ ನೊರೆಯನ್ನು ತಡೆಯಲಿಕ್ಕೆ. ಹೆಚ್ಚುವರಿ ಎಣ್ಣೆ ಇರುವುದರಿಂದ ಅದು ಕಾಯುವುದೂ ನಿಧಾನ. ಒತ್ತಡವಿರುವ ಇಂಥ ಶಾಕ್ ಬಿಚ್ಚಲು ಸರಿಯಾದ ಸಲಕರಣೆ ಬೇಕೇ ಬೇಕು. ಇಲ್ಲದಿದ್ದರೆ ಜೀವಕ್ಕೇ ಅಪಾಯ.

ಮೇಲ್ದರ್ಜೆಗೇರಿಸುವುದೆಂದರೆ ದುಬಾರಿ ಶಾಕ್ ತಂದು ಸಿಕ್ಕಿಸುವುದು ಎಂದೇ ಹಲವರು ಅಂದುಕೊಂಡಿದ್ದಾರೆ. ಆದರೆ ಮೊದಲು ಬೇಕಿರುವುದು ಒಂದು ಅಳತೆ ಟೇಪು. ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ, ಚಕ್ರಗಳು ಪೂರ್ತಿ ಕೆಳಗೆ ಜೋತುಬಿದ್ದಾಗ ಹಿಂದಿನ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯಬೇಕು. ಆಮೇಲೆ ಇಳಿಸಿ, ಸವಾರ ಹೆಲ್ಮೆಟ್, ಬೂಟು ಸಮೇತ ಕೂತು, ಎರಡು ಸಲ ಕುಪ್ಪಳಿಸಿ ನಿಂತ ಮೇಲೆ ಅದೇ ಅಳತೆ ಮತ್ತೊಮ್ಮೆ. ಎರಡರ ವ್ಯತ್ಯಾಸಕ್ಕೆ ‘ಸ್ಯಾಗ್’ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಚಕ್ರದ ಒಟ್ಟು ಆಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ಆಟ 28 ಸೆಂ.ಮೀ. ಆದರೆ ಸ್ಯಾಗ್ 7ರಿಂದ 9 ಸೆಂ.ಮೀ. ಸ್ಯಾಗ್ ತೀರಾ ಕಡಿಮೆಯಾದರೆ ಹೊಂಡ ಬಂದಾಗ ಚಕ್ರ ಕೆಳಗಿಳಿದು ನೆಲ ಮುಟ್ಟಲು ಆಟವೇ ಉಳಿಯುವುದಿಲ್ಲ. ಹೆಚ್ಚಾದರೆ ಜಂಪ್ ಇಳಿಯುವಾಗ ತಳ ಬಡಿಯುತ್ತದೆ. ಸ್ಪ್ರಿಂಗಿನ ಮೇಲಿನ ಉಂಗುರ ತಿರುಗಿಸಿದರೂ ಈ ಅಳತೆ ಕೂಡಿಬರದಿದ್ದರೆ, ಸವಾರನ ತೂಕಕ್ಕೆ ತಕ್ಕ ಬೇರೆ ಸ್ಪ್ರಿಂಗ್ ಹಾಕಬೇಕು.

ಸ್ಪ್ರಿಂಗ್ ಆರಿಸುವಲ್ಲಿ ಒಂದು ಲೆಕ್ಕ ತಪ್ಪಬಾರದು. ಚಕ್ರ 10 ಸೆಂ.ಮೀ. ಏರಿದಾಗ ಶಾಕ್ 5 ಸೆಂ.ಮೀ. ಕುಗ್ಗಿದರೆ ಅನುಪಾತ 0.5. ಚಕ್ರಕ್ಕೆ ತಟ್ಟುವ ಬಿಗಿ ಈ ಅನುಪಾತದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಮಿಲಿಮೀಟರಿಗೆ 40 ನ್ಯೂಟನ್ ಬಿಗಿಯ ಸ್ಪ್ರಿಂಗ್ ಚಕ್ರದ ಬಳಿ ಬರೀ 10ರಷ್ಟೇ. ಶಾಕ್ ಕೂರುವ ತೂತನ್ನು ಸ್ವಲ್ಪ ಹೊರಕ್ಕೆ ಸರಿಸಿ ಅನುಪಾತ 0.6 ಮಾಡಿದರೆ ಅದು 14.4 ಆಗುತ್ತದೆ. ಸ್ಪ್ರಿಂಗ್ ಮುಟ್ಟದೆಯೇ ಬಿಗಿ ಶೇ 44ರಷ್ಟು ಏರಿತು! ಸ್ಥಿರತೆಗೆಂದು ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಎ-ಆರ್ಮ್ ಅನ್ನು ಎರಡು ಇಂಚು ಹೆಚ್ಚು ಅಗಲದ್ದು ಹಾಕಿದಾಗ ಇದರ ತಿರುವುಮುರುವು ನಡೆಯುತ್ತದೆ. ಗಾಡಿ ಅಗಲವಾಯಿತು, ಸಸ್ಪೆನ್ಷನ್ ಮೆತ್ತಗಾಯಿತು. ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಒಯ್ಯುವ ಟೈ ರಾಡ್‌ನ ಉದ್ದವನ್ನೂ ಅದಕ್ಕೆ ಹೊಂದಿಸದಿದ್ದರೆ ಪ್ರತಿ ಉಬ್ಬಿಗೂ ಚಕ್ರ ತನ್ನಷ್ಟಕ್ಕೇ ತಿರುಗುತ್ತದೆ.

ಇಷ್ಟಾದ ಮೇಲೆ ಕ್ಲಿಕ್ಕರ್‌ಗಳ ಸರದಿ. ಏಟು ಬಿದ್ದಾಗ ಶಾಕ್ ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಮರಳಬೇಕು ಎನ್ನುವುದನ್ನು ಈ ಸಣ್ಣ ತಿರುಪುಗಳು ತೀರ್ಮಾನಿಸುತ್ತವೆ. ಮರಳುವ ವೇಗ ಹೆಚ್ಚಾದರೆ ಗಾಡಿಯ ಹಿಂಭಾಗ ಸವಾರನನ್ನು ಎತ್ತಿ ಒಗೆಯುತ್ತದೆ. ಕಡಿಮೆಯಾದರೆ ಸಾಲು ಉಬ್ಬುಗಳಲ್ಲಿ ಚಕ್ರ ಕೆಳಗಿಳಿಯುವಷ್ಟರಲ್ಲೇ ಮುಂದಿನ ಏಟು ಬಿದ್ದು, ಗಾಡಿ ಹಂತಹಂತವಾಗಿ ಕುಸಿದು ಕಲ್ಲಿನಂತೆ ಗಡುಸಾಗುತ್ತದೆ. ಇಲ್ಲಿ ಹೊಸಬರು ಗಾಡಿ ಕುಸಿಯುವುದನ್ನು ಕಂಡು ಶಾಕ್ ಮೆತ್ತಗಿದೆ ಎಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಾರೆ, ತೊಂದರೆ ಇಮ್ಮಡಿಯಾಗುತ್ತದೆ. ಶಾಕಿನ ರಾಡಿಗೆ ಒಂದು ರಬ್ಬರ್ ಉಂಗುರ ಸುತ್ತಿ ಒಂದು ಸುತ್ತು ಓಡಿಸಿ ಬಂದರೆ, ಉಂಗುರ ಎಲ್ಲಿವರೆಗೆ ಸರಿದಿದೆ ಎನ್ನುವುದೇ ಎಷ್ಟು ಆಟ ಖರ್ಚಾಯಿತೆಂದು ಹೇಳುತ್ತದೆ. ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಕ್ಲಿಕ್, ಪುಸ್ತಕದಲ್ಲಿ ಅದರ ದಾಖಲೆ. ಟೈರಿನ ಗಾಳಿಯನ್ನೂ ಬರೆದಿಡಬೇಕು. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ತುಂಬಿದರೆ ಇದಕ್ಕೆ ನಾಲ್ಕೈದು ಸಾಕು. ಹಾಗಾಗಿ ಒಂದೇ ಒಂದು ಪಿಎಸ್‌ಐ ಏರುಪೇರೂ ಸವಾರನ ಕೈಗೆ ತಿಳಿಯುತ್ತದೆ.

ಇಲ್ಲಿಯ ನೆಲಕ್ಕೆ, ಹವೆಗೆ ಅವುಗಳದ್ದೇ ಬೇಡಿಕೆಗಳಿವೆ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಗಟ್ಟಿ, ಮೇಲೆ ಉರುಳುವ ಹರಳು. ಮಳೆ ಬಿದ್ದರೆ ಅದೇ ನೆಲದಲ್ಲಿ ಜಾರುವ ಕೆಂಪು ಕೆಸರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಒಂದೇ ಹೊಂದಾಣಿಕೆ ವರ್ಷಪೂರ್ತಿ ನಡೆಯುವುದಿಲ್ಲ. ಕಡಲಿನ ಉಪ್ಪುಗಾಳಿ ಶಾಕಿನ ರಾಡಿನ ಹೊಳಪನ್ನು ಚುಕ್ಕಿಚುಕ್ಕಿಯಾಗಿ ತಿನ್ನುತ್ತದೆ. ಆ ಚುಕ್ಕಿಗಳಿಂದ ಸೀಲು ಹರಿದು ಎಣ್ಣೆ ಸೋರುತ್ತದೆ. ಓಟ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬುಷ್‌ಗಳಿಗೆ ಗ್ರೀಸು ಹಾಕುವುದು ಇಲ್ಲಿ ಅನಿವಾರ್ಯ. ತೊಳೆಯುವಾಗ ನೀರಿನ ಜೋರು ಧಾರೆಯನ್ನು ಸೀಲಿಗೆ ನೇರ ಹಿಡಿಯಬಾರದು. ಇನ್ನು, ಪರೀಕ್ಷೆಗೆಂದು ಕಡಲತೀರಕ್ಕೆ ಗಾಡಿ ಇಳಿಸುವುದು ಸಲ್ಲದು. ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ 2024ರ ಆರಂಭದಲ್ಲಿ ಕಡಲಾಮೆಗಳು ಮೊಟ್ಟೆಯಿಟ್ಟಿದ್ದವು. ಒಂದು ಚಕ್ರ ಹಾದರೂ ಅಂಥ ಗೂಡಿಗೆ ಅಪಾಯ.

ಈ ವಿದ್ಯೆಯ ಒಂದು ಅರ್ಧ ಕಾಲೇಜಿನಲ್ಲಿದೆ, ಇನ್ನೊಂದು ಅರ್ಧ ಗ್ಯಾರೇಜಿನಲ್ಲಿದೆ. ಅನುಪಾತದ ಲೆಕ್ಕ ವಿದ್ಯಾರ್ಥಿಗೆ ಗೊತ್ತು. ಬುಷ್ ಸವೆದಿದೆಯೆಂದು ಸದ್ದಿನಿಂದಲೇ ಹೇಳುವುದು, ಬೆಸುಗೆ ಎಲ್ಲಿ ಬಿರುಕು ಬಿಡುತ್ತದೆಂದು ಮೊದಲೇ ಊಹಿಸುವುದು ವರ್ಷಗಟ್ಟಲೆ ಲೇತಿನ ಮುಂದೆ ನಿಂತ ಮೆಕ್ಯಾನಿಕ್‌ಗೆ ಗೊತ್ತು. ಬೈಕಂಪಾಡಿಯ ವರ್ಕ್‌ಶಾಪುಗಳಿಗೂ ಸುರತ್ಕಲ್‌ನ ತರಗತಿಗಳಿಗೂ ನಡುವೆ ಕೆಲವೇ ಕಿಲೋಮೀಟರ್ ದೂರ. ಮಗ ಅಥವಾ ಮಗಳು ಗ್ರೀಸು ಮೆತ್ತಿದ ಅಂಗಿಯಲ್ಲಿ ತಡವಾಗಿ ಮನೆಗೆ ಬಂದರೆ ಓದು ಹಾಳಾಯಿತೆಂದು ಹೆತ್ತವರು ಗಾಬರಿಪಡಬೇಕಿಲ್ಲ. ಅಳೆಯುವುದು, ಒಂದೊಂದನ್ನೇ ಬದಲಿಸುವುದು, ಬರೆದಿಡುವುದು, ಮತ್ತೆ ಓಡಿಸಿ ನೋಡುವುದು – ಎಂಜಿನಿಯರಿಂಗ್ ಎಂದರೆ ಇದೇ. ಕಾಲೇಜುಗಳು ತಮ್ಮ ಗಾಡಿಯ ಪರೀಕ್ಷೆಯ ದಿನ ಊರಿನ ಮೆಕ್ಯಾನಿಕ್‌ಗಳನ್ನು ಕರೆಯಲಿ, ಗ್ಯಾರೇಜಿನವರು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಲಿ. ಕರಾವಳಿಯ ಮುಂದಿನ ರೇಸ್ ಗಾಡಿ ಇನ್ನೂ ವೇಗವಾಗಿ ಓಡಲು ಹೊಸ ಶಾಕ್‌ಗಿಂತ ಮೊದಲು ಬೇಕಾಗಿರುವುದು ಈ ಒಡನಾಟ.